ಅಜ್ಜಿಯ ಆಯಿಲ್ ಪ್ರೆಶರ್

ಏಪ್ರಿಲ್ ೧೯

ಇಂದಿನಿಂದ ದಿನಚರಿ ಬರೆಯುವುದೆಂದು ತೀರ್ಮಾನವಾಗಿದೆ. ತೀರ್ಮಾನಿಸಿದವನು ನಾನೇ. ವಿರೋಧಿಸಲು ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ಬಗ್ಗೆ ಬರೆದುಕೊಳ್ಳುವಂಥದ್ದೇನೂ ನಡೆದಿಲ್ಲ, ನಡೆಯುವ ಸೂಚನೆಯೂ ಇಲ್ಲ. ಇದು ಅಜ್ಜಿಯ ದಿನಚರಿ. ಹಿಂದೆ ರಾಣಿಯರು ಕಾಯಿಲೆ ಬಿದ್ದರೆ ಅರಮನೆಯ ವೈದ್ಯರು ದಿನವೂ ಪ್ರಕಟಣೆ ಹೊರಡಿಸುತ್ತಿದ್ದರಂತೆ. ಅಜ್ಜಿ ಯಾವ ರಾಣಿಗೆ ಕಡಿಮೆ? ಆರು ಗಾಲಿಯ ಲಾರಿ, ಎಂಟು ಸಿಲಿಂಡರು, ಮೊದಲು ಸೋವಿಯತ್ ಸೇನೆಯಲ್ಲಿ ಉದ್ಯೋಗ, ಆಮೇಲೆ ನಮ್ಮ ಅಲ್ವಾನಿ ಊರಿನವರ ಚಾಕರಿ. ಪ್ರತಿ ಬೇಸಿಗೆ ಅಬಾನೋ ಘಾಟಿ ಹತ್ತಿ ಬೆಟ್ಟದ ಮೇಲಿನ ನಮ್ಮ ಮನೆಗಳಿಗೆ ಜನ, ಹಿಟ್ಟು, ಕುರಿಮರಿ, ಒಲೆ, ಒಮ್ಮೊಮ್ಮೆ ಶವಪೆಟ್ಟಿಗೆ, ಎಲ್ಲವನ್ನೂ ಒಂದೇ ಮುಖಭಾವದಿಂದ ಹೊತ್ತವಳು.

ಇವತ್ತು ಅವಳ ಒತ್ತಡ ಕುಸಿದಿದೆ ಎಂದು ವರದಿ ಬಂತು. ವರದಿಗಾರ ನನ್ನ ಅಳಿಯ ಗೆಲಾ, ಅಜ್ಜಿಯ ಡ್ರೈವರು. ತೆಲಾವಿ ಪೇಟೆಯಿಂದ ಬಂದವನೇ ಕೆಳಗಿಳಿದು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತ.

"ಮಾವ, ಎಂಜಿನ್ ಬಿಸಿ ಆದ್ಮೇಲೆ ಆಯಿಲ್ ಮುಳ್ಳು ಮಲಗಿಬಿಡತ್ತೆ."

"ಊಟ ಆದ್ಮೇಲೆ ನೀನು ಮಲಗಲ್ವಾ, ಹಂಗೇ."

ನಗಲಿಲ್ಲ. ಬಯಲುಸೀಮೆಯ ಹುಡುಗ, ನಗಲು ಅವನಿಗೆ ವೈನು ಬೇಕು. "ಕೆಳಗಡೆ ಟೊಕ್ ಟೊಕ್ ಅಂತ ಬಡೀತಾನೂ ಇದೆ," ಎಂದ.

ಬಡಿತದ ವಿಷಯ ಬಂದರೆ ಅದು ನನ್ನ ನ್ಯಾಯಾಲಯ. ಗೋಡೆಯ ಮೇಲಿಂದ ಬೀಚ್ ಮರದ ಕೋಲು ತೆಗೆದೆ. ಕೈಯುದ್ದದ ಕೋಲು, ನನ್ನ ಅಪ್ಪನ ಕಾಲದ್ದು. ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ. ಈ ಕೋಲಿನಿಂದ ನಾನು ಟ್ರ್ಯಾಕ್ಟರು, ಗಿರಣಿ, ನೀರಿನ ಪಂಪು ಎಲ್ಲದರ ಕಾಯಿಲೆ ಕಂಡುಹಿಡಿದಿದ್ದೇನೆ. ಒಮ್ಮೆ ಪಾದ್ರಿಯವರ ಹೊಟ್ಟೆಗೂ ಇಟ್ಟಿದ್ದೆ, ಅದೂ ಸರಿಹೋಯಿತು. ಅಜ್ಜಿಯ ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿದೆ. ಎಲ್ಲ ಶಾಂತ. ಇಷ್ಟು ಮೆತ್ತಗೆ ಅವಳು ಹೊಸತರಲ್ಲೂ ಓಡಿರಲಿಲ್ಲ.

ತೀರ್ಪು: ಎಂಜಿನ್ ನಿರ್ದೋಷಿ. ಸುಳ್ಳು ಹೇಳುತ್ತಿರುವುದು ಮೀಟರು.

ಗೆಲಾ ತಲೆ ಕೆರೆದುಕೊಂಡ. ಕೆರೆದುಕೊಳ್ಳಲಿ. ಜೂನಿನಲ್ಲಿ ಘಾಟಿಯ ಹಿಮ ಸರಿಸಿದ ಕೂಡಲೇ ಅಜ್ಜಿ ಹತ್ತಲೇಬೇಕು. ಈ ವರ್ಷದ ಹಬ್ಬದ ಬಿಯರು ಕಾಯಿಸುವ ಸರದಿ ನಮ್ಮ ಮನೆಯದು. ಜವೆಗೋಧಿಯ ಮೂಟೆಗಳು, ದೊಡ್ಡ ತಾಮ್ರದ ಹಂಡೆ, ನೆರೆಹೊರೆಯವರು, ನನ್ನ ಮಗಳು ದಾರೋ, ಅವಳ ಕೂಸು ನುತ್ಸಾ, ಎಲ್ಲರೂ ಹಿಂದೆ ಕೂತಿರುತ್ತಾರೆ. ಆ ದಾರಿಯಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಏರಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತರೆ ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ಆಮೇಲೆ ಅಜ್ಜಿ ಹಿಂದಕ್ಕೆ ಹೊರಡುತ್ತಾಳೆ.

ಆದ್ದರಿಂದಲೇ ಊರಿನವರು ಪ್ರತಿವರ್ಷ ನನ್ನ ಬಾಯಿ ನೋಡುತ್ತಾರೆ. ಇಮೇದಾ, ಅಂದರೆ ನಾನು, ಕೋಲಿಟ್ಟು ಕೇಳಿ "ಹೊರಡಿ" ಅಂದರೆ ಹೊರಡುತ್ತಾರೆ. ಬೇರೆ ಯಾರ ಮಾತೂ ಬೇಕಿಲ್ಲ.

ಏಪ್ರಿಲ್ ೨೭

ಆಯಿಲ್ ಮಟ್ಟ ನೋಡಿದೆ, ಸರಿಯಿದೆ. ಬೆರಳಲ್ಲಿ ಉಜ್ಜಿ ಮೂಸಿದೆ, ಪೆಟ್ರೋಲು ಬೆರೆತಿಲ್ಲ. ಫಿಲ್ಟರು ಬದಲಿಸಿದೆ. ಎಂಜಿನ್ನಿನ ಮೈಮೇಲೆ ಕೂತು ಮೀಟರಿಗೆ ಚಾಡಿ ಹೇಳುವ ಗುಂಡಿಯನ್ನೂ ಕಿತ್ತು ಹೊಸದು ಹಾಕಿದೆ. ಹೊಸ ಚಾಡಿಕೋರನೂ ಹಳಬನ ಮಾತನ್ನೇ ಹೇಳುತ್ತಿದ್ದಾನೆ. ಒಂದೇ ಕಾರ್ಖಾನೆಯವರಿರಬೇಕು.

ಈ ವಸಂತ ಯಾಕೋ ಸರಿಯಿಲ್ಲ. ಕೋಗಿಲೆ ಬಂದಿಲ್ಲ. ಪ್ರತಿವರ್ಷ ಅಂಗಳದ ಅಕ್ರೋಟು ಮರದಲ್ಲಿ ಕೂತು ಪ್ರಾಣ ಹಿಂಡುತ್ತಿತ್ತು, ಈ ಸಲ ಸುಳಿವಿಲ್ಲ. ಹಳ್ಳದ ಕಪ್ಪೆಗಳೂ ಇಲ್ಲ. ಪಕ್ಕದ ಮನೆಯ ಹುಂಜ ಬೇಲಿ ಹತ್ತಿ ಕತ್ತು ಚಾಚಿ ಬಾಯಿ ತೆರೆಯುತ್ತದೆ, ಕೂಗುವುದಿಲ್ಲ. ಸೋಮಾರಿತನ ಕೋಳಿಗಳವರೆಗೂ ಇಳಿದಿದೆ.

ಒಂದೇ ಸಮಾಧಾನ, ಮೊಮ್ಮಗಳು. ಇಂಥ ಶಾಂತ ಕೂಸನ್ನು ನಾನು ಕಂಡಿಲ್ಲ. ರಾತ್ರಿಯಿಡೀ ಒಂದು ಚೂರು ಸದ್ದಿಲ್ಲ. ಆದರೂ ದಾರೋಳ ಕಣ್ಣ ಸುತ್ತ ಕಪ್ಪು. ಈ ಕಾಲದ ಹುಡುಗಿಯರಿಗೆ ತ್ರಾಣವೇ ಇಲ್ಲ.

ಮೇ ೩

ನನ್ನ ಹೆಂಡತಿ ಎಟೇರಿ ಗೊಣಗುವ ಅಭ್ಯಾಸ ಮಾಡಿಕೊಂಡಿದ್ದಾಳೆ. ಮೊದಲು ಅವಳು ಮಾತಾಡಿದರೆ ನದಿಯಾಚೆಯವರು ಉತ್ತರ ಕೊಡುತ್ತಿದ್ದರು. ಈಗ ತುಟಿ ಅಲ್ಲಾಡುತ್ತದೆ ಅಷ್ಟೆ. "ಏನಂದೆ?" ಎಂದರೆ ಸಿಟ್ಟು. ಸಿಟ್ಟು ಮಾತ್ರ ಚೆನ್ನಾಗಿ ಕೇಳುತ್ತದೆ. ಇವತ್ತು ನನ್ನ ಕಿವಿ ಹಿಡಿದು ತೆಲಾವಿಯ ದಿಕ್ಕಿಗೆ ಕೈ ತೋರಿಸಿದಳು. ಕಿವಿಗೆ ಗ್ರೀಸ್ ಮೆತ್ತಿರಬೇಕೆಂದು ಸೋಪು ಹಾಕಿ ತೊಳೆದುಕೊಂಡೆ. ತೆಲಾವಿಯ ಸೋಪು ತರಬೇಕಿತ್ತೇನೋ.

ಗೆಲಾ ಯಾರ ಹತ್ತಿರವೋ ಬೇಡಿ ಒಂದು ಮೀಟರು ತಂದ. ತಂತಿ ಗಿಂತಿ ಇಲ್ಲ, ನೇರ ಎಂಜಿನ್ನಿನ ಆಯಿಲ್ ದಾರಿಗೇ ಕೊಳವೆ ಸಿಕ್ಕಿಸುವಂಥದ್ದು. ಸುಳ್ಳು ಹೇಳಲು ಅದಕ್ಕೆ ಬುದ್ಧಿಯೇ ಇಲ್ಲ. ಎಂಜಿನ್ ಬಿಸಿಯಾಗುವವರೆಗೆ ಇಬ್ಬರೂ ಅದನ್ನೇ ನೋಡುತ್ತ ನಿಂತೆವು. ಮುಳ್ಳು ನಿಧಾನಕ್ಕೆ ಇಳಿಯಿತು. ಇನ್ನೂ ಇಳಿಯಿತು. ಕೊನೆಗೆ ಕೆಂಪು ಗೆರೆಯ ಕೆಳಗೆ ಹೋಗಿ ಮುದುಕನ ಕೈಯ ಹಾಗೆ ನಡುಗತೊಡಗಿತು.

"ಈಗೇನಂತೀರಿ ಮಾವ?"

"ಇದೂ ಕೆಟ್ಟಿದೆ."

"ಹಳೇ ಮೀಟರು, ಹೊಸ ಗುಂಡಿ, ಇದು, ಮೂರೂ ಸೇರ್ಕೊಂಡು ಸುಳ್ಳು ಹೇಳ್ತಿವೆಯಾ? ಬೇರಿಂಗ್ ಸವೆದಿದೆ ಮಾವ. ಆಯಿಲ್ ಚೇಂಬರ್ ಇಳಿಸಿ ನೋಡೋಣ. ನೀವ್ ಬೇಡ, ನಾನೇ ಇಳಿಸ್ತೀನಿ."

"ಬೇರಿಂಗ್ ಸವೆದ್ರೆ ಬಡೀಬೇಕಲ್ವೇನೋ?"

"ಬಡೀತಿದೆ!"

ಹೀಗೆ ನನ್ನ ಮುಖದ ಮುಂದೆ ಕಿರುಚಿದ. ಮಾವನ ಮುಂದೆ ಕಿರುಚುವ ಅಳಿಯ. ಕೋಲಿಟ್ಟು ಮತ್ತೆ ಕೇಳಿದೆ. ಏನೂ ಇಲ್ಲ. ಬಯಲಿನವರ ಕಿವಿ ದ್ರಾಕ್ಷಿತೋಟದಲ್ಲಿ ಬೆಳೆದದ್ದು, ಕಬ್ಬಿಣದ ಭಾಷೆ ಅದಕ್ಕೆಲ್ಲಿ ತಿಳಿಯಬೇಕು?

ಮೇ ೪

ಏನೂ ಇಲ್ಲ. ಎಲ್ಲೆಲ್ಲೂ ಏನೂ ಇಲ್ಲ. ಚರ್ಚಿನ ಗಂಟೆಯೂ ಹೊಡೆಯಲಿಲ್ಲ. ಆದರೂ ಜನ ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು. ಹಗ್ಗ ಹರಿದಿರಬೇಕು.

ಮೇ ೧೪

ಒತ್ತಡ ಹೆಚ್ಚಾದರೆ ಹೊರಬಿಡುವ ಒಂದು ಸ್ಪ್ರಿಂಗು ಇರುತ್ತದೆ. ಅದು ಸೋತು ಆಯಿಲು ಸೋರಿಹೋಗುತ್ತಿರಬಹುದೆಂದು ಬಿಚ್ಚಿದೆ. ಸ್ಪ್ರಿಂಗಿನ ಬೆನ್ನಿಗೆ ಒಂದು ವಾಷರು ಕೊಟ್ಟು ಕೂರಿಸಿದೆ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಳ್ಳು ಸಿಪಾಯಿಯ ಹಾಗೆ ಎದ್ದು ನಿಂತಿತು. ನಾನು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಬರುವಷ್ಟರಲ್ಲಿ ಎಂಜಿನ್ ಬಿಸಿಯಾಯಿತು, ಮುಳ್ಳು ಮಲಗಿತು.

ಆ ಹೊತ್ತಿಗೇ ಶೇತೆ ಬಂದ. ಬೆಟ್ಟದ ಮೇಲಿನ ನಮ್ಮ ಗುಡಿಗೆ ಯಜಮಾನ ಅವನೇ. ಗಡ್ಡ ಸೊಂಟದವರೆಗೆ, ಧ್ವನಿ ಬಾವಿಯೊಳಗಿಂದ. ಊರಿನಲ್ಲಿ ಗೊಣಗದೆ ಮಾತಾಡುವವನು ಅವನೊಬ್ಬನೇ ಉಳಿದಿದ್ದಾನೆ.

"ಲೋ ಇಮೇದಾ, ಏನಂತೆ ಅಜ್ಜಿಗೆ?"

"ಒತ್ತಡ ಇಳೀತಿದೆ. ಕಾರಣ ಗೊತ್ತಾಗ್ತಿಲ್ಲ."

ಶೇತೆ ಲಾರಿಯ ಸುತ್ತ ಒಂದು ಸುತ್ತು ಬಂದ. ಗಾಲಿಗೆ ಒದೆಯಲಿಲ್ಲ, ಬಾನೆಟ್ ಎತ್ತಲಿಲ್ಲ. ಮೂಸಿದ. ಆಮೇಲೆ ಎಲ್ಲ ವೈದ್ಯರಿಗಿಂತ ಗಂಭೀರವಾಗಿ ಹೇಳಿದ: "ಇದ್ರಲ್ಲಿ ಯಾರೋ ಹಂದಿ ತಂದಿದಾರೆ."

ನಾನು ನಕ್ಕೆ. ನಮ್ಮ ಬೆಟ್ಟಕ್ಕೆ ಹಂದಿಮಾಂಸ ಒಯ್ಯಬಾರದು, ಅದು ನನಗೂ ಗೊತ್ತು. ಒಯ್ದವರಿಗೆ ಘಾಟಿಯಲ್ಲಿ ಏನೇನಾಯಿತೆಂಬ ಕಥೆಗಳ ಮೇಲೇ ನಾವೆಲ್ಲ ಬೆಳೆದದ್ದು. ಆದರೆ ನಾನು ಸ್ಪ್ಯಾನರು ಹಿಡಿದ ಮನುಷ್ಯ. "ಶೇತೆ, ಹಂದಿಗೂ ಆಯಿಲ್ ಪಂಪಿಗೂ ಏನಯ್ಯಾ ನಂಟು?" ಎಂದೆ.

"ಅದು ನಂಗೊತ್ತಿಲ್ಲ. ನಿಂಗೆ ಬೇರೆ ಕಾರಣ ಗೊತ್ತಿದ್ರೆ ಹೇಳು."

ಬೆರಳು ಮಡಚುತ್ತ ಎಣಿಸಿದೆ. ಮೀಟರು ಸರಿ, ಗುಂಡಿ ಸರಿ, ಫಿಲ್ಟರು ಸರಿ, ಸ್ಪ್ರಿಂಗು ಸರಿ. ಎಂಜಿನ್ ಬಡಿಯುತ್ತಿಲ್ಲ. ಹಾಗಾದರೆ ಉಳಿಯುವುದೇನು?

ಬಾರದ ಕೋಗಿಲೆ. ಕೂಗದ ಹುಂಜ. ಹೊಡೆಯದ ಗಂಟೆ. ಶೇತೆ ಹೋದ ಮೇಲೆ ಬಹಳ ಹೊತ್ತು ಕೂತು ಇವನ್ನೆಲ್ಲ ಜೋಡಿಸಿ ನೋಡಿದೆ. ನಗು ಬರಲಿಲ್ಲ.

ಮೇ ೨೦

ಸಿಕ್ಕಿತು.

ಡ್ರೈವರ್ ಸೀಟಿನ ಕೆಳಗೆ ಜಿಡ್ಡು ಹತ್ತಿದ ಕಾಗದ. ಬೆಳ್ಳುಳ್ಳಿ ವಾಸನೆ, ಸಾಸೇಜಿನ ಸಿಪ್ಪೆ. ನಾನು ಅದನ್ನು ಅಂಗಳಕ್ಕೆ ತಂದು ಹಿಡಿದೆ. ಯಾಕೆ ತಂದೆನೋ. ಅಲ್ಲೇ ಒಲೆಗೆ ಹಾಕಬಹುದಿತ್ತು. ಆಗ ಶೇತೆ, ಇನ್ನೂ ಕೆಲವರು ಬೇಲಿಯ ಹತ್ತಿರ ನಿಂತಿದ್ದರು.

ಎದುರಿಗೇ ಇದ್ದ ಗೆಲಾನ ಮುಖ ಕೆಂಪಾಯಿತು. "ಅದು ಕೋಳಿದು. ತೆಲಾವಿ ಸಂತೇಲಿ ತಗೊಂಡೆ. ಬೇಕಾದ್ರೆ ಅಂಗಡಿಯವನನ್ನೇ ಕೇಳಿ."

"ಬಯಲಿನವ್ನು ಕೋಳಿ ತಿಂತಾನಂತೆ," ಎಂದರು ಯಾರೋ. ನಗು ಎದ್ದಿರಬೇಕು, ಹಲ್ಲು ಕಾಣಿಸಿದವು.

ಶೇತೆ ನನ್ನ ಕಡೆ ತಿರುಗಿದ. "ಇಮೇದಾ, ನೀನು ಹೇಳು. ಎಂಜಿನ್ನಲ್ಲಿ ದೋಷ ಇದೆಯೋ?"

ಎಲ್ಲರೂ ನನ್ನ ಬಾಯಿ ನೋಡಿದರು. ಗೆಲಾ ಕೂಡ.

"ಎಂಜಿನ್ನಲ್ಲಿ ದೋಷ ಇಲ್ಲ," ಎಂದೆ.

ಅದು ನಿಜ. ನಾನು ಕೇಳಿದ್ದನ್ನೇ ಹೇಳಿದೆ. ಅದರಾಚೆಗೆ ಅವರು ಏನು ಅರ್ಥ ಮಾಡಿಕೊಂಡರೋ ಅದಕ್ಕೆ ನಾನು ಹೊಣೆಯಲ್ಲ. ಗೆಲಾ ಈ ಬೇಸಿಗೆ ಬೆಟ್ಟ ಹತ್ತಕೂಡದು ಎಂದು ತೀರ್ಮಾನವಾಯಿತು. ಅಜ್ಜಿಯನ್ನು ನಾನೇ ಓಡಿಸಬೇಕು. ಮೊದಲು ಶುದ್ಧಿ ಆಗಬೇಕು.

ಗೆಲಾ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು ಏನೋ ಹೇಳಿದ. ಕೇಳಿಸಲಿಲ್ಲ. ಅವನೂ ಗೊಣಗಲು ಕಲಿತಿದ್ದಾನೆ.

ಮೇ ೨೧

ದಾರೋ ನನ್ನ ಜೊತೆ ಮಾತಾಡುತ್ತಿಲ್ಲ. ಖಚಿತವಾಗಿ ಹೇಳಲಾರೆ.

ಮೇ ೩೧

ಶುದ್ಧಿ ಆಯಿತು. ಕುರಿ ಕಡಿದರು. ಶೇತೆ ಬಂಪರಿಗೆ ರಕ್ತದ ಬೊಟ್ಟಿಟ್ಟ, ನಾಲ್ಕೂ ಕಡೆ ಮೇಣದಬತ್ತಿ ಹಚ್ಚಿದ, ರೇಡಿಯೇಟರಿನ ಮೇಲೆ ಚಾಚಾ ಸಾರಾಯಿ ಸುರಿದ. ಅಷ್ಟು ಒಳ್ಳೆಯ ಚಾಚಾ! ಸೇನೆಯಲ್ಲಿದ್ದಾಗಲೂ ಅಜ್ಜಿಗೆ ಅಂಥ ಮರ್ಯಾದೆ ಸಿಕ್ಕಿರಲಾರದು. ಆಮೇಲೆ ನಾನು ಕೀಲಿ ತಿರುಗಿಸಿದೆ.

ಮುಳ್ಳು ಎದ್ದಿತು! ನೆಟ್ಟಗೆ ಎದ್ದು ನಿಂತಿತು. ಜನ ಟೋಪಿ ತೆಗೆದರು. ಎಟೇರಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

ಬೇಲಿಯಾಚೆ ನಿಂತಿದ್ದ ಗೆಲಾ ಕೂಗಿದ. ಕೂಗಿದ್ದನ್ನು ಶೇತೆ ನನಗೆ ದಾಟಿಸಿದ: "ಎಂಜಿನ್ ತಣ್ಣಗಿದೆಯಂತೆ. ಬಿಸಿ ಆಗೋವರ್ಗೂ ಕಾದು ನೋಡ್ಬೇಕಂತೆ."

"ನೋಡೋಣ, ಅದಕ್ಕೇನು," ಎಂದೆ ನಾನು.

ಶೇತೆ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಟ್ಟ. "ಗುಡಿಯ ಸಂತನಿಗೆ ಕುರಿ ಕೊಟ್ಟ ಮೇಲೆ ಪರೀಕ್ಷೆ ಮಾಡ್ತೀಯೇನೋ? ಕೊಟ್ಟ ಮಾತಿಗೆ ರಸೀದಿ ಕೇಳ್ದಂಗೆ ಆಯ್ತು. ಇನ್ನು ಘಾಟಿಗೆ ಹೊರಡೋ ದಿನಾನೇ ಸ್ಟಾರ್ಟ್ ಮಾಡು."

ಅವನ ಮಾತಿನಲ್ಲಿ ತೂಕವಿತ್ತು. ನನಗೂ ನೋಡುವ ಉಮೇದು ಇರಲಿಲ್ಲ ಎಂದು ಇಲ್ಲಿ ಮಾತ್ರ ಬರೆಯುತ್ತೇನೆ.

ಜೂನ್ ೧೦

ಘಾಟಿ ತೆರೆಯಿತಂತೆ. ಬುಲ್ಡೋಜರಿನವರು ಇಳಿದು ಬಂದರು. ಮೇಲೆ ಇನ್ನೂ ಹಿಮದ ಗೋಡೆಗಳಿವೆ, ಒಂದು ಲಾರಿಯಷ್ಟೇ ಅಗಲದ ದಾರಿ. ಹಳೆಯ ತಿರುವು ಮಳೆಗೆ ಇನ್ನಷ್ಟು ಕಚ್ಚಿಹೋಗಿದೆ. ಅಲ್ಲಿ ನನ್ನ ಚಿಕ್ಕಪ್ಪನ ಲಾರಿ ಹಿಂದಕ್ಕೆ ಜಾರಿತ್ತು. ಕಲ್ಲಿನ ಮೇಲೆ ಅವನ ಹೆಸರಿದೆ, ಕೆಳಗೆ ಗ್ಲಾಸು ಇಟ್ಟಿರುತ್ತಾರೆ. ಹೋಗುವವರು ಒಂದು ಗುಟುಕು ಸುರಿದು ಹೋಗುತ್ತಾರೆ. ಚಿಕ್ಕಪ್ಪ ಬದುಕಿದ್ದಾಗ ಇಷ್ಟು ಕುಡಿದಿರಲಿಲ್ಲ.

ಸಂಜೆ ಹಳ್ಳದ ಬದಿಯಲ್ಲಿ ನಿಂತಿದ್ದೆ. ನೀರು ಉಕ್ಕಿ ಬರುತ್ತಿತ್ತು, ಬಂಡೆಗಳಿಗೆ ಬಡಿದು ಮೇಲೆ ಹಾರುತ್ತಿತ್ತು. ಚಿತ್ರದಲ್ಲಿನ ನೀರಿನ ಹಾಗೆ. ಇಷ್ಟು ನೀರು, ಇಷ್ಟು ಮೌನ. ಮನೆಗೆ ಬಂದುಬಿಟ್ಟೆ.

ಏನೋ ಆಗಲಿಕ್ಕಿದೆ. ಏನೆಂದು ಗೊತ್ತಿಲ್ಲ. ಯಾರಾದರೂ ಹೇಳುತ್ತಿದ್ದಾರೆಯೇ? ಗೊತ್ತಿಲ್ಲ.

ಜೂನ್ ೧೪

ಇದನ್ನು ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಅಜ್ಜಿಯನ್ನು ಚರ್ಚಿನ ಮುಂದೆ ನಿಲ್ಲಿಸಿ ಚಾಲೂ ಮಾಡಿ ಬಿಟ್ಟೆ. ಸಾಮಾನು ಹೇರುವವರೆಗೆ ಓಡುತ್ತಿರಲಿ ಎಂದು. ಜವೆ, ಹಂಡೆ, ಹಾಸಿಗೆಗಳು, ಕೋಳಿಬುಟ್ಟಿ. ನೆರೆಯವರೆಲ್ಲ ಹತ್ತಿ ಕೂತರು. ಮುದುಕಿಯರು ಆಗಲೇ ಮೊಟ್ಟೆ ಸುಲಿಯಲು ಶುರುಮಾಡಿದ್ದರು. ನಾನು ಕ್ಯಾಬಿನ್ನಿನೊಳಗಿನ ಮೀಟರಿಗೆ ನನ್ನ ಟೋಪಿ ನೇತುಹಾಕಿದ್ದೆ. ಟೋಪಿಗೆ ಬೇರೆ ಜಾಗವಿರಲಿಲ್ಲ.

ಆಗ ಗೆಲಾ ಬಂದು ಲಾರಿಯ ಮುಂದೆ ನಿಂತ. ಬಂಪರಿಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು. ಶೇತೆ ಬೈದ. ಇಬ್ಬರು ಹೋಗಿ ತೋಳು ಹಿಡಿದು ಎಳೆದರು. ಅವನು ಅಲ್ಲಾಡಲಿಲ್ಲ. ಬಯಲಿನವನಿಗೆ ಇಷ್ಟು ಹಟ ಎಲ್ಲಿಂದ ಬಂತೋ.

ದಾರೋ ನನ್ನ ಕಡೆ ನಡೆದು ಬಂದಳು. ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಿರುಚಿದಳು, ಆದ್ದರಿಂದ ಪ್ರತಿ ಅಕ್ಷರವೂ ತಿಳಿಯಿತು: "ಅಪ್ಪಾ! ಗೆಲಾ ಸುಳ್ಳೋ ನೀನು ಸುಳ್ಳೋ ನಂಗೆ ಬೇಡ. ಇವಳನ್ನ ಎತ್ಕೊಂಡು ಇನ್ನೊಂದು ಸಲ ಕೇಳು. ಆಮೇಲೂ ಹೊರಡು ಅಂದ್ರೆ ಹತ್ತಿ ಕೂತ್ಕೊತೀನಿ."

ಎಂದು ಕೂಸನ್ನು ನನ್ನ ತೋಳಿಗೆ ತುರುಕಿದಳು.

ಕೇಳುತ್ತೇನೆ, ಅದರಲ್ಲೇನು? ಕೋಲು ಕೈಯಲ್ಲೇ ಇತ್ತು. ಮುಂದಿನ ಗಾಲಿಯ ಹಿಂದೆ ಬಗ್ಗಿ, ಸಂದಿಯಿಂದ ತೂರಿಸಿ ಎಂಜಿನ್ನಿನ ಹೊಟ್ಟೆಗೆ ತಾಗಿಸಿದೆ. ಆದರೆ ಒಂದು ಕೈಯಲ್ಲಿ ಕೂಸು ಒದೆಯುತ್ತಿತ್ತು, ಜಾರುತ್ತಿತ್ತು. ಎರಡೂ ಕೈ ಬೇಕಾಯಿತು. ಹಾಗಾಗಿ ಕೋಲಿನ ಈಚೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

ಟೊಕ್.

ಟೊಕ್ ಟೊಕ್ ಟೊಕ್ ಟೊಕ್.

ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಯ ಒಳಕ್ಕೆ. ಶವಪೆಟ್ಟಿಗೆಗೆ ಮೊಳೆ ಹೊಡೆಯುವ ಹಾಗೆ, ಮತ್ತು ನಾನು ಒಳಗಿದ್ದ ಹಾಗೆ. ಕ್ರ್ಯಾಂಕಿನ ಬೇರಿಂಗು. ಮೂರನೆಯದು, ನಾಲ್ಕನೆಯದೂ ಇರಬಹುದು. ಕಲಿಯುವ ಮೊದಲ ವಾರದಲ್ಲೇ ಯಾರಾದರೂ ಗುರುತಿಸುವ ಬಡಿತ. ಕೋಲು ಬಾಯಿಂದ ತೆಗೆದೆ: ಶಾಂತ. ಕಚ್ಚಿದೆ: ಟೊಕ್ ಟೊಕ್. ತೆಗೆದೆ: ಶಾಂತ.

ತೋಳಿನಲ್ಲಿದ್ದ ಕೂಸನ್ನು ನೋಡಿದೆ. ಮುಖ ಕಡುಗೆಂಪು, ಬಾಯಿ ಇಷ್ಟಗಲ ತೆರೆದಿತ್ತು, ಗಂಟಲಿನ ಕಿರುನಾಲಗೆ ನಡುಗುತ್ತಿತ್ತು, ಕೆನ್ನೆಯ ಮೇಲೆಲ್ಲ ನೀರು. ಒಂದು ಚೂರು ಸದ್ದಿಲ್ಲ.

ಅದರ ಬಗ್ಗೆ ಇಲ್ಲಿ ಇನ್ನು ಬರೆಯುವುದಿಲ್ಲ.

ಎದ್ದು ನಿಂತಾಗ ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ಬೇರಿಂಗ್ ಹೋಗಿದೆ ಎನ್ನಬಹುದಿತ್ತು. ಅಂದಿದ್ದರೆ ಶೇತೆ, "ಸಂತನೇ ಸರಿಮಾಡಿದ ಮೇಲೆ ನಿನ್ನದೇನೋ?" ಎಂದು ಹೊರಡಿಸಿಯೇಬಿಡುತ್ತಿದ್ದ. ಅದಕ್ಕಿಂತ ಕೆಟ್ಟ ಲಾರಿಯಲ್ಲಿ ನಮ್ಮಪ್ಪ ದಾಟಿಲ್ಲವೇ ಎಂದು ಮೇಲೆ ಕೂತವರು ಶುರುಮಾಡುತ್ತಿದ್ದರು. ಮತ್ತೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: ಇಷ್ಟು ದಿನ ಯಾಕೆ ಕೇಳಿಸಲಿಲ್ಲ, ಇಮೇದಾ?

ಹಾಗಾಗಿ ಎಂಜಿನ್ ಆರಿಸಿ ಹೇಳಿದೆ: "ನಾನು ತಿಂದೆ."

"ಏನನ್ನ?" ಎಂದ ಶೇತೆ.

"ಹಂದಿ. ಈ ಸೀಟಿನ ಮೇಲೇ ಕೂತು. ಬೆಳ್ಳುಳ್ಳಿ ಹಾಕಿದ್ದು. ಶುದ್ಧಿ ಆದ ಮಾರನೇ ದಿನಾನೂ ತಿಂದೆ. ಆ ಕಾಗದ ನಂದೇ. ಗೆಲಾದು ಕೋಳಿ."

ನಲವತ್ತು ವರ್ಷ ಈ ಊರಿನ ಎಂಜಿನ್ನುಗಳನ್ನು ಕೇಳಿದ್ದೇನೆ, ಇಂಥ ನಿಶ್ಶಬ್ದ ಕಂಡಿಲ್ಲ. ಇದು ನಿಜವಾದ ನಿಶ್ಶಬ್ದ. ಯಾರ ತುಟಿಯೂ ಅಲ್ಲಾಡುತ್ತಿರಲಿಲ್ಲ.

ಮೊದಲು ಇಳಿದವಳು ಮೊಟ್ಟೆ ಸುಲಿಯುತ್ತಿದ್ದ ಮುದುಕಿ. ಆಮೇಲೆ ಎಲ್ಲರೂ ಧುಮುಕಿದರು, ಲಾರಿಗೆ ಬೆಂಕಿ ಬಿದ್ದ ಹಾಗೆ. ಜವೆಯ ಮೂಟೆಗಳನ್ನು ಇಳಿಸಿದರು. ಮುಟ್ಟಿದ ಕೈಯನ್ನು ಹುಲ್ಲಿಗೆ ಒರೆಸಿಕೊಂಡರು. ಶೇತೆ ನನ್ನ ಮುಂದೆ ನಿಂತು ಗಡ್ಡ ನಡುಗಿಸುತ್ತ ಬಹಳ ಹೇಳಿದ. ಬಿಯರಿನ ಸರದಿ ನಮ್ಮ ಮನೆಯಿಂದ ಹೋಯಿತು. ನಾನು ಈ ಬೇಸಿಗೆ ಬೆಟ್ಟ ಹತ್ತುವಂತಿಲ್ಲ. ಕೊನೆಗೆ, "ಥೂ, ನಿನ್ನ ಅಪ್ಪ ಎಂಥ ದೊಡ್ಡ ಮನುಷ್ಯ," ಎಂದ. ಅವನ ಧ್ವನಿ ಈಗಲೂ ಚೆನ್ನಾಗಿ ಕೇಳುತ್ತದೆ. ಅದೊಂದು ಕಷ್ಟ.

ಗೆಲಾ ಬಂಪರು ಬಿಟ್ಟು ಬಂದ. ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡ. ಕೋಲಿನ ತುದಿಯಲ್ಲಿದ್ದ ಹಲ್ಲಿನ ಗುರುತು ನೋಡಿದ. ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಈ ಸಲ ನಿಜವಾಗಿಯೂ ಏನೂ ಹೇಳಲಿಲ್ಲ.

ಜೂನ್ ೧೫

ಇವತ್ತು ಬರೆಯುವುದಿಲ್ಲ.

ಜೂನ್ ೨೪

ಎಲ್ಲರೂ ಹೋದರು. ಬೇರೆ ಬೇರೆ ಜೀಪುಗಳಲ್ಲಿ. ಗೆಲಾನನ್ನು ಶೇತೆಯೇ ಪಕ್ಕದಲ್ಲಿ ಕೂರಿಸಿಕೊಂಡು ಹೋದನಂತೆ, ಕೋಳಿ ತಿನ್ನುವ ಸಂಭಾವಿತ ಎಂದು. ಊರಿನಲ್ಲಿ ಉಳಿದದ್ದು ಬಿಸಿಲು, ನೊಣ, ಅಂಗಡಿಯವಳು, ಎಟೇರಿ ಮತ್ತು ನಾನು. ಅಂಗಡಿಯವಳು ನನಗೆ ಬ್ರೆಡ್ಡನ್ನು ಚಿಮ್ಮಟದಲ್ಲಿ ಹಿಡಿದು ಕೊಡುತ್ತಾಳೆ.

ಆಯಿಲ್ ಚೇಂಬರು ಇಳಿಸಿದೆ. ಹಳೆ ಆಯಿಲನ್ನು ಬಿಸಿಲಿಗೆ ಹಿಡಿದರೆ ಹಬ್ಬದ ಜರಿಬಟ್ಟೆಯ ಹಾಗೆ ಮಿನುಗುತ್ತದೆ, ಎಲ್ಲ ಲೋಹದ ಪುಡಿ. ಆಯಿಲ್ ಹೀರುವ ಜಾಲರಿಗೆ ಅರ್ಧ ಕೆಸರು ಕಟ್ಟಿತ್ತು. ಬೇರಿಂಗಿನ ತಗಡುಗಳನ್ನು ಬಿಚ್ಚಿದೆ: ಮೂರನೆಯದರ ಬಿಳಿ ಲೇಪ ಪೂರ್ತಿ ಹೋಗಿ ತಾಮ್ರ ಕಾಣುತ್ತಿತ್ತು, ನಾಲ್ಕನೆಯದು ಬೆರಳಲ್ಲೇ ಬಾಗಿತು. ಘಾಟಿಯ ಅರ್ಧಕ್ಕೂ ಸಾಲುತ್ತಿರಲಿಲ್ಲ. ಹಳೆಯ ತಿರುವಿನ ಹತ್ತಿರ ಹತ್ತಿರ, ಅಷ್ಟೆ.

ತಗಡನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಯಾಕೆಂದು ಕೇಳಬೇಡಿ ಎಂದು ಬರೆಯಹೊರಟೆ. ಕೇಳುವವರು ಯಾರಿದ್ದಾರೆ ಇಲ್ಲಿ.

ಮಧ್ಯಾಹ್ನ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸುತ್ತ, ಕೋಲು ಕಚ್ಚಿಕೊಂಡು ಉಳಿದ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದೆ. ಎಟೇರಿ ಗ್ಯಾರೇಜಿಗೆ ಬಂದಳು. ತುಟಿ ಅಲ್ಲಾಡಿಸಿದಳು. ನಾನು ತಲೆಯಾಡಿಸಿದೆ, ಹೌದು ಎಂದೂ ಅಲ್ಲ ಎಂದೂ ಅರ್ಥವಾಗುವಂಥ ತಲೆಯಾಟ, ಈಚೆಗೆ ಅದರಲ್ಲಿ ಪಳಗಿದ್ದೇನೆ. ಅವಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. ಆಮೇಲೆ ಬಗ್ಗಿ ಕೋಲಿನ ಆಚೆಯ ತುದಿಯನ್ನು ಎಂಜಿನ್ನಿನಿಂದ ಎತ್ತಿ, ಲಂಗದ ಅಂಚಿನಲ್ಲಿ ಒರೆಸಿ, ತನ್ನ ಗದ್ದದ ಕೆಳಗೆ ಒತ್ತಿಕೊಂಡಳು.

"ಹಂದಿ ತಿಂದೆ ಅಂದ್ಯಲ್ಲ ಮಾರಾಯ," ಎಂದಳು, "ನಂಗೂ ಒಂದು ತುಂಡು ಇಡಬಾರ್ದಿತ್ತಾ?"

ಇಡೀ ಮಾತು, ಬಾಲದವರೆಗೆ. ಮಾತಿನ ಕೊನೆಯನ್ನು ಅವಳು ಹೀಗೆ ಮೇಲಕ್ಕೆ ಎಳೆಯುತ್ತಾಳೆ ಎಂಬುದನ್ನೇ ಮರೆತಿದ್ದೆ.

ಕೋಲು ಬಾಯಲ್ಲಿದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಕಣ್ಣಿಗೆ ಆಯಿಲ್ ಸಿಡಿದಿತ್ತು, ಒರೆಸಿಕೊಂಡೆ.

"ತೆಲಾವಿ ಡಾಕ್ಟ್ರ ಹತ್ರ ಹೋಗು ಅಂತ ಏಪ್ರಿಲ್ಲಿಂದ ಹೇಳ್ತಿದೀನಿ," ಎಂದಳು. "ಕೋಗಿಲೆ ಬಂದೇ ಇಲ್ಲ ಅಂತ ಊರೆಲ್ಲ ಸಾರ್ಕೊಂಡು ಬಂದೆ. ಬೆಳಗಾದ್ರೆ ಸಾಕು, ಅದೇ ಅಕ್ರೋಟು ಮರದಲ್ಲಿ ಕೂತು ನನ್ನ ತಲೆ ತಿಂತಿದೆ ಅದು."

ಈ ಬೀಚ್ ಮರಕ್ಕೆ ಏನೋ ವಿಶೇಷ ಗುಣವಿದೆ ಎಂಬುದರಲ್ಲಿ ಸಂಶಯವಿಲ್ಲ. ಊರಿನವರಿಗೆಲ್ಲ ಹತ್ತಿರುವ ಗೊಣಗುವ ಕಾಯಿಲೆಗೆ ಇದರಿಂದ ಪರಿಹಾರ ಸಿಗಬಹುದು. ಈ ಬಗ್ಗೆ ಇನ್ನಷ್ಟು ಪ್ರಯೋಗ ನಡೆಯಬೇಕು.

ಮೊದಲ ಪ್ರಯೋಗ ಸಂಜೆಯೇ ನಡೆಯಿತು. ಅಕ್ರೋಟು ಮರದ ಬುಡಕ್ಕೆ ಕೋಲು ಒತ್ತಿ, ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಿದ್ದೆ. ಏನೂ ಬರಲಿಲ್ಲ. ಕೋಗಿಲೆ ತೀರಾ ಮೇಲಿನ ಕೊಂಬೆಯಲ್ಲಿ ಕೂತಿತ್ತು.

ನಾಳೆ ಗೆಲಾ ಬೆಟ್ಟದಿಂದ ಇಳಿದು ಬರುತ್ತಾನಂತೆ, ಹೊಸ ಬೇರಿಂಗು ಕೂರಿಸಲು. ಆ ದಿನ ಕೀಲಿಕೈ ಕೊಡುವಾಗ ಅವನು ನನಗೆ ಏನೋ ಹೇಳಿದ್ದ.

ಕೋಲನ್ನು ಎರಡೂ ತುದಿ ತೊಳೆದು, ಒಣಗಲು ಕಿಟಕಿಯಲ್ಲಿಟ್ಟಿದ್ದೇನೆ.